ಹಾಡುವ ಕೊರಳಿದ್ದರೆ ಸಾಲದಾ, ಕಿವಿಗೂ ಬೇರೆ ಅಭ್ಯಾಸ ಬೇಕಾ?

ಪ್ರಶ್ನೆ: ಮೇಷ್ಟ್ರೇ, ನನಗೆ 34 ವರ್ಷ, ಬೆಂಗಳೂರಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತ ಹಾಡಲು ಕಲಿಯುತ್ತಿದ್ದೇನೆ. ಜೂನಿಯರ್ ಪರೀಕ್ಷೆ ಪಾಸಾಗಿದೆ, ಈಗ ವರ್ಣ ಅನ್ನುವ ರಚನೆಗಳ ಪಾಠ ನಡೆಯುತ್ತಿದೆ. ನೋಟೇಶನ್ ಎದುರಿಗಿದ್ದರೆ ಹಾಡುತ್ತೇನೆ, ಟ್ಯೂನರ್ ಆ್ಯಪ್‌ನಲ್ಲಿ ಹಸಿರು ಗೆರೆಯೂ ಬರುತ್ತದೆ. ಆದರೆ ಗುರುಗಳು ಒಂದು ಸಂಗತಿಯನ್ನು (ಹಾಡಿನ ಒಂದು ತುಣುಕನ್ನು) ಅಕಾರದಲ್ಲಿ, ಅಂದರೆ ಬರೀ ಆ ಅಂತ ಹಾಡಿದರೆ ಅದು ಯಾವ ಸ್ವರ ಅಂತ ಹೊಳೆಯುವುದೇ ಇಲ್ಲ. ಬೇರೆಯವರ ಅಪಸ್ವರ ತಕ್ಷಣ ಗೊತ್ತಾಗುತ್ತದೆ, ನನ್ನದು ಗೊತ್ತಾಗುವುದಿಲ್ಲ. ಇದಕ್ಕೆ ಬೇರೆ ಅಭ್ಯಾಸ ಮಾಡಬೇಕಾ, ಹಾಡುತ್ತಾ ಹಾಡುತ್ತಾ ತಾನೇ ಬರುತ್ತಾ? ಕೆಲವರಿಗೆ ಹುಟ್ಟಿನಿಂದಲೇ ಸ್ವರಜ್ಞಾನ ಇರುತ್ತದಂತೆ. ಈ ವಯಸ್ಸಿನಲ್ಲಿ ನನಗೆ ಬರುತ್ತಾ?

ಉತ್ತರ: ಬೇಕು. ಬರುತ್ತದೆ. ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಹಾಡುತ್ತಾ ಹಾಡುತ್ತಾ ಬರುತ್ತದೆ ಅನ್ನುವುದು ಅರ್ಧ ನಿಜ. ಗುರುಗಳ ಎದುರು ದಿನಾ ಕೂತು, ಪುಸ್ತಕ ಇಲ್ಲದೆ, ಅವರು ಹಾಡಿದ್ದನ್ನು ಹಾಗೇ ತಿರುಗಿ ಹಾಡಿ ಕಲಿತವರಿಗೆ ಅದು ತಾನಾಗಿ ಬರುತ್ತಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮ್ಮದು ಹಾಗಲ್ಲ. ನೋಟೇಶನ್ ಓದುವುದು ಕಣ್ಣು, ಹಸಿರು ಗೆರೆ ನೋಡುವುದೂ ಕಣ್ಣು. ನಾಲ್ಕು ವರ್ಷ ಗಂಟಲಿಗೆ ಕೆಲಸ ಸಿಕ್ಕಿದೆ, ಕಣ್ಣಿಗೂ ಸಿಕ್ಕಿದೆ, ಕಿವಿ ಮಾತ್ರ ಸುಮ್ನೆ ಕೂತಿದೆ. ಬೇರೆಯವರ ಅಪಸ್ವರ ನಿಮಗೆ ಗೊತ್ತಾಗುತ್ತದೆ ಅಂದಿರಲ್ಲ, ಅದು ಬಹಳ ಒಳ್ಳೆ ಸುದ್ದಿ. ಕಿವಿಯಲ್ಲಿ ಯಾವ ದೋಷವೂ ಇಲ್ಲ ಅಂತ ಅರ್ಥ. ಬೇರೆಯವರು ಹಾಡುವಾಗ ನೀವು ಬರೀ ಕೇಳುತ್ತೀರಿ, ನೀವು ಹಾಡುವಾಗ ಸಾಹಿತ್ಯ, ತಾಳ, ಪುಸ್ತಕ, ಉಸಿರು ಎಲ್ಲದರ ಮಧ್ಯೆ ಕೇಳುವುದು ಬಿಟ್ಟುಹೋಗುತ್ತದೆ, ಅಷ್ಟೇ.

ಒಂದು ವ್ಯತ್ಯಾಸ ಗಮನಿಸಿ. ಆ್ಯಪ್ ನಿಮ್ಮನ್ನು ತಿದ್ದುವುದು ಸ್ವರ ಬಾಯಿಂದ ಹೊರಗೆ ಬಂದ ಮೇಲೆ. ಪುಸ್ತಕ ಹೇಳುವುದು ಸ್ವರದ ಹೆಸರನ್ನು ಮಾತ್ರ. ಕಿವಿ ಪಳಗಿದವರಿಗೆ ಗಾಂಧಾರ, ಅಂದರೆ ಗ, ಹಾಡುವ ಮೊದಲೇ ಆ ಗಾಂಧಾರ ಒಳಗೆ ಕೇಳಿಸಿರುತ್ತದೆ, ಗಂಟಲು ನೇರ ಅಲ್ಲಿಗೇ ಹೋಗಿ ಕೂರುತ್ತದೆ. ಕೆಳಗಿನಿಂದ ತಡಕಾಡಿಕೊಂಡು ಮೇಲೆ ಹತ್ತುವುದು, ಹತ್ತಿದ ಮೇಲೆ ಜರುಗಿಸುವುದು ಇರುವುದಿಲ್ಲ. ನಾನು ಪಾಠದಲ್ಲಿ ನೋಡುವ ಶ್ರುತಿದೋಷಗಳಲ್ಲಿ ಜಾಸ್ತಿ ಗಂಟಲಿನ ದೋಷ ಅಲ್ಲವೇ ಅಲ್ಲ. ಎಲ್ಲಿಗೆ ಹೋಗಬೇಕು ಅಂತ ಕೇಳಿಸದೇ ಹೊರಟಿದ್ದು.

ಹುಟ್ಟಿನಿಂದ ಬರುವ ಸ್ವರಜ್ಞಾನದ ವಿಷಯ ಇಲ್ಲೇ ಮುಗಿಸುತ್ತೇನೆ. ಯಾವ ಆಧಾರವೂ ಇಲ್ಲದೆ, ಒಂದು ಹಾರನ್ ಕೇಳಿದರೂ ಅದು ಹಾರ್ಮೋನಿಯಂನ ಯಾವ ಮನೆ (ಕೀ) ಅಂತ ಹೇಳುವ ಶಕ್ತಿ ಕೆಲವೇ ಕೆಲವರಿಗೆ ಇರುತ್ತದೆ. ಅದು ಹೆಚ್ಚಾಗಿ ಕಾಣುವುದು ತೀರಾ ಚಿಕ್ಕ ವಯಸ್ಸಿನಲ್ಲೇ ಸಂಗೀತ ಶುರು ಮಾಡಿದವರಲ್ಲಿ. ನಮ್ಮ ಸಂಗೀತಕ್ಕೆ ಅದು ಬೇಕಾಗಿಯೇ ಇಲ್ಲ. ನಮ್ಮಲ್ಲಿ ಷಡ್ಜ, ಅಂದರೆ ಸ, ಯಾರಿಗೆ ಯಾವುದು ಹೊಂದುತ್ತದೋ ಅದು. ನಮಗೆ ಬೇಕಾದದ್ದು, ಸ ಇಲ್ಲಿದ್ದರೆ ಈ ಸ್ವರ ಅದರಿಂದ ಎಷ್ಟು ದೂರ ಅಂತ ಕೇಳುವ ಕಿವಿ. ಇದನ್ನು ಯಾವ ವಯಸ್ಸಿನಲ್ಲೂ ಕಲಿಯಬಹುದು.

ಇದು ನಿಜವಾ ಅಂತ ಈಗಲೇ ನೋಡಬಹುದು. ಹಾರ್ಮೋನಿಯಂ ಅಥವಾ ಕೀಬೋರ್ಡ್ ಹತ್ತಿರ ಕೂತು ಬರೀ ಐದು ಕಪ್ಪು ಮನೆಗಳನ್ನು ಮುಟ್ಟಿ, ಬಿಳಿ ಮನೆಗಳ ತಂಟೆಗೇ ಹೋಗಬೇಡಿ. ತಂಬೂರಿ ಆ್ಯಪ್‌ನಲ್ಲಿ ಕಪ್ಪು ಮೂರನ್ನು (ಎರಡು ಕಪ್ಪು ಮನೆಗಳ ಗುಂಪಿನಿಂದ ಎಣಿಸಿದರೆ ಮೂರನೆಯದು, F#) ಸ ಮಾಡಿ, ಅಲ್ಲಿಂದ ಶುರು ಮಾಡಿದರೆ ಮೋಹನ ರಾಗ. ತಂಬೂರಿಯನ್ನು ಕಪ್ಪು ಐದಕ್ಕೆ ಬದಲಾಯಿಸಿ ಅವೇ ಮನೆಗಳನ್ನು ಅಲ್ಲಿಂದ ನುಡಿಸಿ, ಹಿಂದೋಳ. ಕಪ್ಪು ನಾಲ್ಕಕ್ಕೆ ಹೋದರೆ ಮಧ್ಯಮಾವತಿ, ಕಪ್ಪು ಒಂದಕ್ಕೆ ಶುದ್ಧ ಸಾವೇರಿ, ಕಪ್ಪು ಎರಡಕ್ಕೆ ಶುದ್ಧ ಧನ್ಯಾಸಿ. ಮನೆಗಳು ಅವೇ ಐದು, ಒಂದೂ ಬದಲಾಗಿಲ್ಲ. ಸ ಮಾತ್ರ ಬದಲಾಯಿತು, ರಾಗವೇ ಬೇರೆ ಆಗಿಹೋಯಿತು. ನಮ್ಮವರು ಇದನ್ನು ಗ್ರಹಭೇದ ಅನ್ನುತ್ತಾರೆ. ಲಕ್ಷಣದ (ಸಂಗೀತ ಶಾಸ್ತ್ರದ) ಪಾಠದಲ್ಲಿ ಓದಿದಾಗ ಇದು ಬರೀ ಲೆಕ್ಕದ ಹಾಗೆ ಕಾಣುತ್ತದೆ. ಒಂದು ಸಂಜೆ ಕೂತು ಐದನ್ನೂ ಕೇಳಿದರೆ, ಒಂಟಿ ಸ್ವರಕ್ಕೆ ಅರ್ಥವೇ ಇಲ್ಲ, ಅರ್ಥ ಇರುವುದು ಸ ಜೊತೆಗಿನ ಅದರ ಸಂಬಂಧದಲ್ಲಿ ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

ಹಾಗಾಗಿ ಶುರು ಮಾಡಬೇಕಾದದ್ದು ಸ ಇಂದಲೇ. ಫೋನಿನ ತಂಬೂರಿ ದಿನನಿತ್ಯಕ್ಕೆ ಸಾಕು. ಆದರೆ ಒಂದು ಸಲವಾದರೂ ನಿಜವಾದ ತಂಬೂರಿ ಹಿಡಿದು ನೀವೇ ಶ್ರುತಿ ಮಾಡಿ. ಪರಿಚಯದವರ ಮನೆಯಲ್ಲಿ, ಸಂಗೀತ ಶಾಲೆಯಲ್ಲಿ, ಎಲ್ಲಾದರೂ ಸಿಗುತ್ತದೆ. ನಾಲ್ಕು ತಂತಿ: ಪ, ಸ, ಸ, ಕೊನೆಗೆ ಮಂದ್ರ ಸ. ಮೊದಲು ನಡುವಿನ ಎರಡು ಸ ತಂತಿಗಳನ್ನು ಹೊಂದಿಸಿ. ಬಿರಡೆ ತಿರುಗಿಸಿ ಹತ್ತಿರ ತಂದ ಮೇಲೆ ಎರಡನ್ನೂ ಒಟ್ಟಿಗೆ ಮೀಟಿದರೆ ವ್ವಾ-ವ್ವಾ-ವ್ವಾ ಅಂತ ಒಂದು ಅಲೆ ಕೇಳಿಸುತ್ತದೆ. ಒಂದು ತಂತಿ ಸೆಕೆಂಡಿಗೆ 130 ಸಲ, ಇನ್ನೊಂದು 133 ಸಲ ಅದುರುತ್ತಿದ್ದರೆ ಸೆಕೆಂಡಿಗೆ ಮೂರು ಅಲೆ. ಕುದುರೆಯ (ತಂತಿಗಳು ಹಾದುಹೋಗುವ ಸೇತುವೆಯ) ಆಚೆ ತಂತಿಗೆ ಪೋಣಿಸಿದ ಮಣಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾ ಹೋಗಿ. ಮೂರು ಅಲೆ ಎರಡಾಗುತ್ತದೆ, ಒಂದಾಗುತ್ತದೆ, ಎಳೆದ ಹಾಗೆ ನಿಧಾನ ಆಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಅಲ್ಲಿಗೆ ಎರಡು ತಂತಿ ಒಂದೇ ಆಗಿ ಕೇಳಿಸುತ್ತದೆ. ಶ್ರುತಿ ಸೇರುವುದು ಅಂದರೆ ಏನು ಅಂತ ನಾನು ಎಷ್ಟು ಬಾಯಲ್ಲಿ ಹೇಳಿದರೂ ಇಷ್ಟು ಸ್ಪಷ್ಟ ಆಗುವುದಿಲ್ಲ.

ಆಮೇಲೆ ಮಂದ್ರ ಸ ತಂತಿಗೆ ಬನ್ನಿ. ತಂತಿಯ ಕೆಳಗೆ, ಕುದುರೆಯ ಮೇಲೆ ಒಂದು ನೂಲು ಇರುತ್ತದೆ, ಜೀವಾಳಿ. ಅದನ್ನು ನಿಧಾನಕ್ಕೆ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ತಂತಿ ಝೇಂಕರಿಸಲು ಶುರು ಮಾಡುತ್ತದೆ, ಆ ಝೇಂಕಾರದ ಒಳಗಿಂದ ನೀವು ಮೀಟದೇ ಇರುವ ಒಂದು ಸ್ವರ ಎದ್ದು ಬರುತ್ತದೆ. ಅದು ಅಂತರ ಗಾಂಧಾರ. ತಾನಾಗಿ ಹುಟ್ಟುವುದರಿಂದ ಸ್ವಯಂಭೂ ಗಾಂಧಾರ ಅನ್ನುತ್ತಾರೆ. ತಂತಿ ಇಡಿಯಾಗಿ ಅದುರುವುದರ ಜೊತೆಗೆ ಎರಡು ಪಾಲಾಗಿ, ಮೂರು ಪಾಲಾಗಿ, ಐದು ಪಾಲಾಗಿಯೂ ಅದುರುತ್ತಿರುತ್ತದಲ್ಲ, ಆ ಐದನೇ ಪಾಲಿನ ನಾದ ಇದು. ಮೊದಲ ಸಲ ಎಲ್ಲರಿಗೂ ಕೇಳಿಸುವುದಿಲ್ಲ. ಕೇಳಿಸದಿದ್ದರೆ ನೀವೇ ಮೆಲ್ಲಗೆ ಗ ಅಂತ ಗುನುಗಿ, ನಿಲ್ಲಿಸಿ, ತಂತಿ ಮೀಟಿ ಕೇಳಿ. ಆಗ ಸಿಗುತ್ತದೆ.

ಈಗ ನಿಮ್ಮ ಹಸಿರು ಗೆರೆಗೆ ಬರೋಣ. ಗಂಡಸರು ಬಿಳಿ ಒಂದರಲ್ಲಿ (C) ಹಾಡಿದರೆ ಮಧ್ಯ ಷಡ್ಜ ಸುಮಾರು 130.8 ಹರ್ಟ್ಸ್. ತಂಬೂರಿ ಹೇಳುವ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 163.5. ಕೀಬೋರ್ಡಿನ ಗಾಂಧಾರ, ಬಹಳಷ್ಟು ಟ್ಯೂನರ್ ಆ್ಯಪ್‌ಗಳೂ ಅದನ್ನೇ ಇಟ್ಟುಕೊಂಡಿರುತ್ತವೆ, 164.8. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಲೆಕ್ಕ ಅದು. ವ್ಯತ್ಯಾಸ ಚಿಕ್ಕದು, ಪಕ್ಕಪಕ್ಕದ ಎರಡು ಮನೆಗಳ ನಡುವಿನ ದೂರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಸುಮಾರು 14 ಪಾಲು. ಆದರೆ ತಂಬೂರಿ ಎದುರು ನಿಂತು ಹಾಡುವವರಿಗೆ ಅದು ಚಿಕ್ಕದಲ್ಲ. ನೀವು ತಂಬೂರಿಗೆ ಸರಿಯಾಗಿ ಸೇರಿದ ಗಾಂಧಾರ ಹಾಡಿದರೆ ಆ್ಯಪ್ ಕೆಳಗಿದೆ ಅನ್ನುತ್ತದೆ, ಆ್ಯಪ್‌ಗೆ ಹಸಿರು ಬರಿಸಿದರೆ ತಂಬೂರಿ ಜೊತೆ ಕೂರುವುದಿಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕು ಅಂತ ನನ್ನಲ್ಲಿ ಅನುಮಾನ ಇಲ್ಲ. ಸ ಮತ್ತು ಪ ಗೆ ಆ್ಯಪ್ ನೋಡಿ, ಅಡ್ಡಿಯಿಲ್ಲ, ಅಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಳಿದದ್ದಕ್ಕೆ ಅದನ್ನು ಮುಚ್ಚಿಡಿ. ಗಮಕ, ಅಂದರೆ ಸ್ವರವನ್ನು ತೂಗಿ ಹಾಡುವುದು, ಬಂದ ಕಡೆಯಂತೂ ಆ ಗೆರೆ ಮೇಲೆ ಕೆಳಗೆ ಕುಣಿಯುತ್ತದೆ, ನಿಮಗೇನೂ ಹೇಳುವುದಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ತಂಬೂರಿಯ ಸದ್ದು ಕಡಿಮೆ ಇಡಿ. ಜೋರಾಗಿ ಇಟ್ಟರೆ ನಿಮ್ಮ ದನಿ ಅದರಲ್ಲಿ ಮುಳುಗಿ, ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡುವುದನ್ನೂ ಬಿಡಿ, ನಿಮ್ಮ ದನಿ ನಿಮಗೆ ತಲೆಯ ಒಳಗಿನಿಂದ ಮಾತ್ರ ಕೇಳುತ್ತದೆ. ಮೊದಲ ಐದು ನಿಮಿಷ ಏನೂ ಹಾಡಬೇಡಿ, ಬರೀ ಕೇಳಿ. ಆಮೇಲೆ ಸ, ಉದ್ದಕ್ಕೆ, ಹೆಚ್ಚು ಜೋರಿಲ್ಲದೆ. ನಿಲ್ಲಿಸಿ. ತಂಬೂರಿಯಲ್ಲಿ ನಿಮ್ಮ ಸ ಇನ್ನೂ ನಡೆಯುತ್ತಿದೆಯಾ ಅಂತ ಕೇಳಿ. ನಿಲ್ಲಿಸಿದಾಗ ತಂಬೂರಿ ಬೇರೆ ಕಡೆ ಇದ್ದ ಹಾಗೆ ಅನ್ನಿಸಿದರೆ ನೀವು ಸೇರಿರಲಿಲ್ಲ. ಪ ಗೂ ಹಾಗೇ, ತಾರ ಸ ಗೂ ಹಾಗೇ.

ಇದಾದ ಮೇಲೆ ಮಾಯಾಮಾಳವಗೌಳ ರಾಗ. ಸರಳೆ ವರಸೆ ಮುಗಿದು ಎಷ್ಟೋ ಕಾಲ ಆಯಿತು, ಮತ್ತೆ ಅದೇನಾ ಅನ್ನಬೇಡಿ. ಈ ಅಭ್ಯಾಸ ಪಾಠಗಳನ್ನು ಪುರಂದರದಾಸರು ಹಾಕಿಕೊಟ್ಟರು ಅಂತ ನಮ್ಮ ಪರಂಪರೆ ನಂಬುತ್ತದೆ, ಅದಕ್ಕೆ ಈ 15ನೇ ಮೇಳವೇ (ಮೂಲ ರಾಗವೇ) ಯಾಕೆ ಅನ್ನುವುದು ಕಿವಿಯಿಂದ ನೋಡಿದರೆ ಚೆನ್ನಾಗಿ ಅರ್ಥ ಆಗುತ್ತದೆ. ಸ ಇಂದ ರಿ ಪಕ್ಕದ ಮನೆ. ರಿ ಇಂದ ಗ ದೊಡ್ಡ ಜಿಗಿತ, ನಡುವೆ ಎರಡು ಮನೆ ಖಾಲಿ. ಗ ಇಂದ ಮ ಮತ್ತೆ ಪಕ್ಕದಲ್ಲೇ. ಮೇಲಿನ ಅರ್ಧದಲ್ಲಿ ಪ ದ ನಿ ಸ ಕೂಡ ಅದೇ ಆಕಾರ. ಅತಿ ಚಿಕ್ಕ ದೂರ, ದೊಡ್ಡ ದೂರ, ಎರಡೂ ಒಂದೇ ಸಾಲಿನಲ್ಲಿ ಸಿಗುತ್ತದೆ, ಕೆಳಗೆ ಕಲಿತದ್ದನ್ನು ಮೇಲೆ ತಾಳೆ ನೋಡಬಹುದು. ಸ ರಿ ಗ ಮ ಹಾಡಿ, ತಕ್ಷಣ ಪ ದ ನಿ ಸ ಹಾಡಿ. ಎರಡೂ ಒಂದೇ ಆಕಾರದಲ್ಲಿ ಬಂತಾ? ಜಾಸ್ತಿ ಜನ ಇಲ್ಲಿ ತಪ್ಪುವುದು ಇಳಿಯುವಾಗ. ಗ ಇಂದ ರಿ ಗೆ ಇಳಿಯುವಾಗ ಪೂರ್ತಿ ಇಳಿಯದೆ ಸ್ವಲ್ಪ ಮೇಲೇ ನಿಂತುಬಿಡುತ್ತಾರೆ, ರಿಷಭ ಶುದ್ಧವಾಗುವುದಿಲ್ಲ. ಆ ರಿ ಮೇಲೆ ನಿಂತು ಸ ಎಷ್ಟು ಹತ್ತಿರ ಇದೆ ಅಂತ ಕೇಳಿಕೊಳ್ಳಿ.

ಇದರ ಮುಂದಿನ ಹೆಜ್ಜೆ ಬಾಯಿ ಮುಚ್ಚಿ ಹಾಡುವುದು. ತಾಳ ಹಾಕುತ್ತಾ ಸ ರಿ ಜೋರಾಗಿ ಹಾಡಿ, ಗ ಮ ಮನಸ್ಸಿನಲ್ಲೇ, ಪ ಮತ್ತೆ ಜೋರಾಗಿ. ಪ ಸರಿಯಾದ ಜಾಗದಲ್ಲಿ ಬಿದ್ದರೆ ನಡುವಿನ ಎರಡು ಸ್ವರ ಒಳಗೆ ಸರಿಯಾಗಿ ಕೇಳಿಸಿದೆ ಅಂತ. ದಿನ ಕಳೆದ ಹಾಗೆ ಮೌನದ ಭಾಗ ಹೆಚ್ಚಿಸಿ. ನನ್ನನ್ನು ಕೇಳಿದರೆ ಕಿವಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಗಂಟಲು ಕೆಟ್ಟಾಗಲೂ, ಮೆಟ್ರೋದಲ್ಲಿ ನಿಂತಾಗಲೂ ಮಾಡಬಹುದು.

ಇನ್ನು ನಿಮ್ಮ ಮುಖ್ಯ ತೊಂದರೆ, ಅಕಾರದಲ್ಲಿ ಕೇಳಿದ್ದಕ್ಕೆ ಸ್ವರ ಹೊಳೆಯದೇ ಇರುವುದು. ಇದನ್ನು ವರ್ಣದ ಸಂಗತಿಯಿಂದ ಶುರು ಮಾಡಿದರೆ ಸೋತುಹೋಗುತ್ತೀರಿ. ಮಲಹರಿಯ ಮೊದಲ ಗೀತೆ ನಿಮ್ಮ ನಾಲಿಗೆ ತುದಿಯಲ್ಲಿದೆ, ಅಲ್ವಾ? ಸಾಹಿತ್ಯವನ್ನೂ ಸ್ವರವನ್ನೂ ಬಿಟ್ಟು ಬರೀ ಆ ಅಂತ ಹಾಡಿ. ಹಾಡುತ್ತಲೇ ಮನಸ್ಸಿನಲ್ಲಿ ಮ ಪ ದ ಸ ಸ ರಿ ಓಡುತ್ತಾ ಇರಲಿ. ಹೆಸರು ಮತ್ತು ನಾದ ಮೊದಲು ಒಂದಕ್ಕೊಂದು ಅಂಟಬೇಕು. ಆಮೇಲೆ ಪುಸ್ತಕದಲ್ಲಿ ಕಲಿಯದೇ ಇದ್ದ, ಆದರೆ ಬಾಯಿಗೆ ಚೆನ್ನಾಗಿ ಬರುವ ಹಾಡಿನ ಸ್ವರ ಹುಡುಕಿ. ರಾಷ್ಟ್ರಗೀತೆಯ ಮೊದಲ ಸಾಲಿನಿಂದ ಶುರು ಮಾಡಿ, ಸ ರಿ ಗ ಗ ಗ ಗ ಅಂತ ಎಷ್ಟು ಸುಲಭವಾಗಿ ಸಿಗುತ್ತದೆ ನೋಡಿ. ಅಲ್ಲಿಂದ ಭಾವಗೀತೆ, ಸಿನಿಮಾ ಹಾಡು, ಅಮ್ಮ ಹೇಳುತ್ತಿದ್ದ ದೇವರನಾಮ. ಒಂದು ಸಾಲು ಸಿಕ್ಕರೆ ಸಾಕು ಆ ದಿನಕ್ಕೆ. ಸಿಗದಿದ್ದಾಗ ಊಹಿಸಬೇಡಿ. ಆ ಸ್ವರದ ಮೇಲೆ ನಿಂತು, ಅಲ್ಲಿಂದ ಒಂದೊಂದೇ ಮೆಟ್ಟಿಲು ಸ ಗೆ ಇಳಿದು ಬನ್ನಿ. ಎಷ್ಟು ಮೆಟ್ಟಿಲು ಇಳಿದಿರಿ ಅನ್ನುವುದೇ ಉತ್ತರ.

ಗಮಕದ ವಿಷಯ ಬಂದಾಗ ಸ್ವಲ್ಪ ತಾಳ್ಮೆ ಬೇಕು. ತೋಡಿಯ ಗಾಂಧಾರವನ್ನು ಪುಸ್ತಕದಲ್ಲಿ ಗ ಅಂತ ಒಂದಕ್ಷರದಲ್ಲಿ ಬರೆದಿರುತ್ತಾರೆ. ಹಾಡುವಾಗ ಅದು ಒಂದು ಕಡೆ ನಿಲ್ಲುವುದೇ ಇಲ್ಲ, ರಿ ಕಡೆಗೂ ಮ ಕಡೆಗೂ ತೂಗುತ್ತಿರುತ್ತದೆ. ಪುಸ್ತಕ ನೋಡಿ ನೇರ ಗ ಹಾಡಿದರೆ ಸ್ವರಸ್ಥಾನ ಸರಿ, ತೋಡಿ ಇಲ್ಲ. ಇದಕ್ಕೆ ದೊಡ್ಡವರ ರೆಕಾರ್ಡಿಂಗ್‌ನಿಂದ ಹತ್ತು ಸೆಕೆಂಡು ಮಾತ್ರ ತೆಗೆದುಕೊಂಡು, ಯೂಟ್ಯೂಬ್‌ನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಿ. ಶ್ರುತಿ ಬದಲಾಗುವುದಿಲ್ಲ, ವೇಗ ಮಾತ್ರ ಕಡಿಮೆ ಆಗುತ್ತದೆ. ಆ ತೂಗಾಟ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಅನ್ನುವುದು ಬಿಡಿಬಿಡಿಯಾಗಿ ಕೇಳುತ್ತದೆ. ಮುಂದೆ ಆರಭಿ ಮತ್ತು ದೇವಗಾಂಧಾರಿಯನ್ನು ಪಕ್ಕಪಕ್ಕ ಇಟ್ಟು ಕೇಳಿ. ಆರೋಹಣ ಅವರೋಹಣ ಬರೆದರೆ ಎರಡೂ ಒಂದೇ. ಆರಭಿಯಲ್ಲಿ ಗ ಮತ್ತು ನಿ ಸುಮ್ನೆ ಮುಟ್ಟಿ ಓಡುತ್ತವೆ, ನಡೆ ಚುರುಕು. ದೇವಗಾಂಧಾರಿ ನಿಧಾನ, ಎಳೆದು, ತೂಗಿ ಹೋಗುತ್ತದೆ. ಈ ಎರಡನ್ನು ಪುಸ್ತಕದಿಂದ ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ. ಕಿವಿಗೆ ಮಾತ್ರ ಆಗುತ್ತದೆ.

ಇದೆಲ್ಲ ಯಾಕೆ ಬೇಕು ಅಂತ ಕಾಣಬೇಕಾದರೆ ಕಛೇರಿಯಲ್ಲಿ ಹಾಡುವವರನ್ನು ಬಿಟ್ಟು ಪಿಟೀಲಿನವರನ್ನು ನೋಡಿ. ಗಾಯಕರು ಆಲಾಪನೆ (ಸಾಹಿತ್ಯ, ತಾಳ ಇಲ್ಲದೆ ರಾಗ ಬಿಡಿಸಿ ಹಾಡುವುದು) ಶುರು ಮಾಡುತ್ತಾರೆ, ಎಷ್ಟೋ ಸಲ ರಾಗ ಯಾವುದು ಅಂತ ಮೊದಲೇ ಹೇಳಿರುವುದೂ ಇಲ್ಲ. ಪಿಟೀಲಿನಲ್ಲಿ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ, ಬೆರಳು ಎಲ್ಲಿ ಬೀಳಬೇಕು ಅಂತ ಹೇಳುವ ಯಾವ ಗುರುತೂ ಇಲ್ಲ. ಆದರೂ ಆ ಸಂಗತಿ ಮುಗಿಯುವಷ್ಟರಲ್ಲಿ ಅದರ ನೆರಳು ಪಿಟೀಲಿನಲ್ಲಿ ಕೇಳುತ್ತದೆ. ಕಲ್ಪನಾಸ್ವರದಲ್ಲಿ (ಅಲ್ಲೇ ಸ್ವರ ಕಟ್ಟಿ ಹಾಡುವಾಗ) ಗಾಯಕರು ತಾಳದ ಒಂದು ಆವರ್ತ ಹಾಕಿದರೆ, ಹಾಡಿನ ಸಾಲು ಮತ್ತೆ ಶುರುವಾಗುವ ಅದೇ ಎತ್ತುಗಡೆಗೆ ಬಂದು ಮುಟ್ಟುವ ಉತ್ತರ ಆ ಕಡೆಯಿಂದ. ಅಲ್ಲಿ ಪುಸ್ತಕ ತೆರೆಯಲು ಯಾರಿಗೆ ಸಮಯ ಇದೆ? ಹಾಡುವವರಿಗೂ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ತಾವೇ ಕಟ್ಟಿ ಹಾಡುವುದು, ಅನ್ನುವುದು ಇಲ್ಲಿಂದಲೇ ಹುಟ್ಟುತ್ತದೆ. ಒಳಗೆ ಕೇಳಿಸದ ಸಂಗತಿ ಬಾಯಿಗೆ ಬರುವುದಿಲ್ಲ. ನೀವು ಸೀನಿಯರ್ ದಾಟಿ ಆಲಾಪನೆಗೆ ಬಂದಾಗ ಈ ಗೋಡೆ ಎದುರಾಗುತ್ತದೆ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಕಿವಿಯಿಂದಲೇ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಮ್ಮ ನಾಡಿನಲ್ಲೇ ಗದಗಿನ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳಿಗೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿ ಬಲ್ಲವರು, ಪುಟ್ಟರಾಜರು ಹಲವು ವಾದ್ಯ ನುಡಿಸುತ್ತಿದ್ದರು, ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತು ಬದುಕು ಕಟ್ಟಿಕೊಂಡರು. ಕಣ್ಣಿಲ್ಲದವರಿಗೆ ದೇವರು ಬೇರೆ ಕಿವಿ ಕೊಡುತ್ತಾನೆ ಅಂತ ಜನ ಹೇಳುತ್ತಾರೆ, ನನಗೆ ಆ ಮಾತು ಇಷ್ಟವಿಲ್ಲ. ಅವರು ಪಟ್ಟ ಶ್ರಮವನ್ನು ಅದು ಮರೆಸುತ್ತದೆ. ಗಂಟೆಗಟ್ಟಲೆ ಕೇಳಿ, ತಿರುಗಿ ಹಾಡಿ, ಮತ್ತೆ ಕೇಳಿ ಪಳಗಿಸಿದ ಕಿವಿ ಅದು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು (1924–1992) ಹುಡುಗರಾಗಿದ್ದಾಗ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆ ಕೇಳಿ ಹಾಗೇ ಹಾಡಿ ತೋರಿಸುತ್ತಿದ್ದರು. ಅಂಥ ಪ್ರತಿಭೆ ಎಲ್ಲರಿಗೂ ಬರುವುದಿಲ್ಲ ನಿಜ. ಆದರೆ ಅವರು ಹಿಡಿದ ದಾರಿ ಎಲ್ಲರಿಗೂ ತೆರೆದಿದೆ: ಪೂರ್ತಿ ಕೇಳಿ, ಆಮೇಲೆ ಬಾಯಿ ತೆರೆಯುವುದು.

ಆನ್‌ಲೈನ್ ಪಾಠದ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ಗಮನಿಸಿರುವುದಿಲ್ಲ. ಮೀಟಿಂಗಿಗಾಗಿ ಮಾಡಿದ ಆ್ಯಪ್‌ಗಳು ಫ್ಯಾನಿನ ಸದ್ದಿನಂಥ ಒಂದೇ ಸಮನೆ ಬರುವ ಶಬ್ದವನ್ನು ಗಲಾಟೆ ಅಂತ ತಿಳಿದು ಅಳಿಸಿಹಾಕುತ್ತವೆ. ತಂಬೂರಿ ಅದಕ್ಕೆ ಮೊದಲ ಬಲಿ. ಗುರುಗಳ ಕಡೆ ತಂಬೂರಿ ನಡೆಯುತ್ತಿರುತ್ತದೆ, ನಿಮಗೆ ಬರೀ ಅವರ ದನಿ ಬರುತ್ತದೆ, ಅದೂ ಉದ್ದ ಕಾರ್ವೆಗಳಲ್ಲಿ (ಎಳೆದು ನಿಲ್ಲಿಸುವ ಸ್ವರಗಳಲ್ಲಿ) ಕತ್ತರಿಸಿ. ಆಧಾರವೇ ಇಲ್ಲದೆ ಸ್ವರ ಗುರುತಿಸಿ ಅಂದರೆ ಯಾರಿಗೆ ಸಾಧ್ಯ? ಝೂಮ್‌ನಲ್ಲಿ ಸಂಗೀತಕ್ಕೆಂದೇ ಒರಿಜಿನಲ್ ಸೌಂಡ್ ಅನ್ನುವ ಸೆಟ್ಟಿಂಗ್ ಇದೆ, ಇಬ್ಬರೂ ಅದನ್ನು ಹಾಕಿಕೊಳ್ಳಿ. ನಿಮ್ಮ ಕಡೆಯೂ ಅದೇ ಶ್ರುತಿಗೆ ತಂಬೂರಿ ಇಟ್ಟುಕೊಳ್ಳಿ. ನಿಮ್ಮ ತೊಂದರೆಯಲ್ಲಿ ಒಂದು ಪಾಲು ಇಲ್ಲೇ ಕರಗಿದರೂ ನನಗೆ ಆಶ್ಚರ್ಯವಿಲ್ಲ. ಸಾಧ್ಯ ಆದಾಗ ಎದುರಿಗೆ ಕೂತು ಪಾಠ ಕೇಳುವುದಕ್ಕೂ ಹೋಗಿ ಬನ್ನಿ. ಗುರುಗಳ ಜೊತೆಯಲ್ಲೇ ದನಿ ಸೇರಿಸಿ ಹಾಡುವುದು ಇಂಟರ್‌ನೆಟ್‌ನಲ್ಲಿ ಆಗುವುದಿಲ್ಲ, ದನಿ ತಲುಪುವುದು ತಡ.

ಸಮಯ ಎಲ್ಲಿಂದ ತರುವುದು ಅಂತ ನೀವು ಕೇಳಬಹುದು. ಹೊಸ ಸಮಯ ಬೇಡ. ಈಗ ಒಂದು ಗಂಟೆ ಹಾಡುತ್ತಿದ್ದರೆ ಅದರಲ್ಲಿ ಇಪ್ಪತ್ತು ನಿಮಿಷವನ್ನು ಕೇಳುವುದಕ್ಕೆ ಬಿಡಿ. ದಿನಾ ಸ್ವಲ್ಪ ಮಾಡಬೇಕು, ವಾರಕ್ಕೊಮ್ಮೆ ಎರಡು ಗಂಟೆ ಮಾಡಿದರೆ ಪ್ರಯೋಜನ ಇಲ್ಲ. ಮೊದಲ ಕೆಲವು ವಾರ ನಿಮ್ಮ ಹಾಡುಗಾರಿಕೆ ಮೊದಲಿಗಿಂತ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ, ಇಷ್ಟು ದಿನ ಕೇಳಿಸದೇ ಇದ್ದದ್ದು ಕೇಳಿಸಲು ಶುರು ಆಗಿರುತ್ತದೆ. ಅಲ್ಲಿ ನಿಲ್ಲಿಸಿಬಿಡಬೇಡಿ.

ನೋಟೇಶನ್ ಪುಸ್ತಕ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಕ್ರಮ ಮಾತ್ರ ತಿರುಗಿಸಿ. ಮುಂದಿನ ವರ್ಣ ಶುರುವಾದಾಗ ಪುಸ್ತಕ ಮುಚ್ಚಿಡಿ, ಗುರುಗಳ ಒಪ್ಪಿಗೆ ಪಡೆದು ಪಾಠ ರೆಕಾರ್ಡ್ ಮಾಡಿಕೊಳ್ಳಿ. ಪಲ್ಲವಿಯ ಸ್ವರವನ್ನು ಕೇಳಿ ಕೇಳಿ ನೀವೇ ಪೆನ್ಸಿಲ್‌ನಲ್ಲಿ ಬರೆಯಿರಿ, ಎರಡು ದಿನ ಹಿಡಿದರೂ ಸರಿ. ಆಮೇಲೆ ಪುಸ್ತಕ ತೆರೆದು ತಾಳೆ ನೋಡಿ. ಬೇರೆ ಇದ್ದ ಕಡೆಯೆಲ್ಲ ನಿಮ್ಮದೇ ತಪ್ಪು ಅಂದುಕೊಂಡು ಅಳಿಸಬೇಡಿ. ನಿಮ್ಮ ಗುರುಗಳ ಪಾಠಾಂತರವೇ (ಅವರ ಪರಂಪರೆಯಲ್ಲಿ ಹಾಡಿಕೊಂಡು ಬಂದ ರೀತಿಯೇ) ಪುಸ್ತಕದ್ದಕ್ಕಿಂತ ಬೇರೆ ಇರಬಹುದು, ಅಂಥ ಜಾಗಕ್ಕೆ ಗುರುತು ಹಾಕಿಟ್ಟು ಮುಂದಿನ ಪಾಠದಲ್ಲಿ ಅವರನ್ನೇ ಕೇಳಿ.